ಹಿಂದಕ್ಕೆ ನಡೆಸುವ ವಿದ್ಯೆ

ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗನಿಗೆ ಎರಡು ಹೆಸರುಗಳು ಮೊದಲೇ ತಿಳಿದಿರುತ್ತವೆ: ಒಂದು ಹಂಪೆ, ಇನ್ನೊಂದು ತುಂಗಭದ್ರಾ ಅಣೆಕಟ್ಟು. ಇವೆರಡನ್ನೂ ನೋಡಲು ಹೊರಟವನ ವಾಹನವನ್ನು ದಾರಿಯಲ್ಲಿ ಅಡ್ಡಗಟ್ಟಿ ನಿಲ್ಲಿಸುವ ಮೂರನೆಯ ವಸ್ತುವೊಂದಿದೆ. ಅದನ್ನು ನೋಡಲೆಂದು ಯಾರೂ ಬರುವುದಿಲ್ಲ. ನೋಡದೆ ಹೋಗಲು ಯಾರಿಂದಲೂ ಆಗುವುದಿಲ್ಲ. ಅದು ಟ್ರೇಲರು ಕಟ್ಟಿದ ಟ್ರ್ಯಾಕ್ಟರು. ಭತ್ತ, ಕಬ್ಬು, ಬಾಳೆಗೊನೆ, ಇಟ್ಟಿಗೆ, ಗೊಬ್ಬರ, ಎಲ್ಲವೂ ಅದರ ಬೆನ್ನೇರಿಯೇ ಊರಿಂದೂರಿಗೆ ಸಾಗಬೇಕು. ಜಾತ್ರೆಯ ದಿನಗಳಲ್ಲಂತೂ ಊರಿಗೆ ಊರೇ ಅದರೊಳಗೆ ಕುಳಿತಿರುತ್ತದೆ. ಟ್ರೇಲರಿನಲ್ಲಿ ಜನರನ್ನು ಸಾಗಿಸಬಾರದೆಂದು ಕಾನೂನು ಹೇಳುತ್ತದೆ. ಜಾತ್ರೆ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಈ ವಾಹನವನ್ನು ಮುಂದಕ್ಕೆ ಓಡಿಸುವುದು ಈ ಸೀಮೆಯ ಹುಡುಗರಿಗೆ ಬಹು ಬೇಗ ಕೈವಶವಾಗುತ್ತದೆ. ಹಿಂದಕ್ಕೆ ನಡೆಸುವುದು ಹಾಗಲ್ಲ. ಹೊಸ ಚಾಲಕನನ್ನು ಕೆಲಸಕ್ಕೆ ಕರೆಯುವ ಜಮೀನಿನ ಯಜಮಾನನು ಪರವಾನಗಿಯ ಕಾಗದವನ್ನು ಆಮೇಲೆ ನೋಡಿಯಾನು, ಮೊದಲು ಕೇಳುವುದು, “ರಿವರ್ಸ್ ಬರ್ತೈತೇನಪ್ಪಾ?” ಎಂದು. ಬರುತ್ತದೆ ಎಂದವನನ್ನು ಬಾಯಿಮಾತಿನಲ್ಲಿ ನಂಬುವವರು ಕಡಮೆ. ಮನೆಯ ಮುಂದಿನ ಓಣಿಯಲ್ಲಿ, ಎರಡು ಗೋಡೆಗಳ ನಡುವೆ, ಖಾಲಿ ಟ್ರೇಲರನ್ನು ಒಮ್ಮೆ ಹಿಂದಕ್ಕೆ ಬಿಡಲು ಹೇಳುತ್ತಾರೆ. ಕೂಲಿ ನಿಶ್ಚಯವಾಗುವುದು ಅದಾದ ಮೇಲೆಯೇ.

ಇಷ್ಟೊಂದು ಕಟ್ಟುನಿಟ್ಟು ಏಕೆಂಬುದು ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೊರಟು, ಹೆದ್ದಾರಿ ಬಿಟ್ಟು ತೋಟಗಳೊಳಕ್ಕೆ ಇಳಿದವರಿಗೆ ತಿಳಿಯುತ್ತದೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಲ್ಲಿ ಇಂದಿಗೂ ನೀರು ಹರಿಸುತ್ತಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ ಎಂಬ ಹೆಸರುಗಳನ್ನು ರೈತರು ನಿನ್ನೆ ಮೊನ್ನೆ ತೋಡಿದವೋ ಎಂಬಂತೆ ನುಡಿಯುತ್ತಾರೆ. ಆದರೆ ಅವುಗಳ ದಂಡೆಯ ಮೇಲಿನ ದಾರಿ ಎತ್ತಿನ ಗಾಡಿಯ ಅಳತೆಯದು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಬಾಳೆಯ ತೋಟದ ತಗ್ಗು. ಎದುರುಬದುರಾಗಿ ಎರಡು ಟ್ರ್ಯಾಕ್ಟರುಗಳು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ಹೇರು ಹೊತ್ತವನಿಗೆ ಖಾಲಿ ಗಾಡಿಯವನು ದಾರಿ ಬಿಡುವುದು ನ್ಯಾಯ. ಆ ನ್ಯಾಯ ನಡೆಯಬೇಕಾದರೆ ಖಾಲಿ ಗಾಡಿಯವನಿಗೆ ವಿದ್ಯೆ ಬರಬೇಕು. ಬಾರದವನ ಟ್ರೇಲರು ಹತ್ತು ಮಾರು ಹೋಗುವಷ್ಟರಲ್ಲಿ ಮೊಣಕೈಯಂತೆ ಮಡಿಚಿಕೊಂಡು, ಅದರ ಒಂದು ಗಾಲಿ ನೀರಿನ ಅಂಚಿಗೆ ಬಂದು ನಿಲ್ಲುತ್ತದೆ. ಟ್ರೇಲರಿನಲ್ಲಿ ಕಳೆ ಕೀಳಲು ಹೊರಟ ಹೆಣ್ಣುಮಕ್ಕಳೂ ಕುಳಿತಿದ್ದರೆ ಪರಿಣಾಮವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಳೆಯುವ ಕೆಲಸಕ್ಕೆ ಈ ನೆಲದಲ್ಲಿ ದೊಡ್ಡ ಇತಿಹಾಸವೇ ಇದೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ, ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ, ಕಡಿವಾಣ ಹಿಡಿದ ಆಳುಗಳ ಹಿಂದೆ ಕುದುರೆಗಳು ಸಾಲುಗಟ್ಟಿ ನಡೆದಿವೆ. ಹೊರಮುಜಿನಿಂದ, ಏಡನ್ನಿನಿಂದ ಹಡಗು ಹತ್ತಿದ ಕುದುರೆಗಳು ಪಶ್ಚಿಮ ಕರಾವಳಿಯ ರೇವುಗಳಲ್ಲಿ ಇಳಿದು, ಘಟ್ಟ ಹತ್ತಿ, ತಮ್ಮ ಕಾಲಿನ ಮೇಲೆಯೇ ರಾಜಧಾನಿಗೆ ಬರುತ್ತಿದ್ದವು. 1535ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಬರೆದಿಟ್ಟಿರುವ ಒಂದು ಸಂಗತಿ ಸ್ವಾರಸ್ಯವಾಗಿದೆ. ಸಾಳುವ ನರಸಿಂಹನು ಕುದುರೆಗಳಿಗಾಗಿ ಎಷ್ಟು ಹಂಬಲಿಸುತ್ತಿದ್ದನೆಂದರೆ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ! ವ್ಯಾಪಾರಿಯೇ ಹೇಳಿದ ಮಾತಾದುದರಿಂದ ತುಸು ಉಪ್ಪು ಖಾರ ಸೇರಿದ್ದರೂ ಆಶ್ಚರ್ಯವಿಲ್ಲ.

ವಿಠ್ಠಲ ದೇವಾಲಯದ ದಾರಿಯಲ್ಲಿ ಕುದುರೆಗೊಂಬೆ ಮಂಟಪವಿದೆ. ಅದರ ಮುಂಗಂಬಗಳಲ್ಲಿ ಸವಾರರನ್ನು ಹೊತ್ತ ಕುದುರೆಗಳು ನೆಗೆದು ನಿಂತಿವೆ. ಇನ್ನು ಐವತ್ತು ರೂಪಾಯಿಯ ನೋಟಿನ ಮೇಲೆ ಎಲ್ಲರೂ ಕಾಣುವ ಕಲ್ಲಿನ ತೇರು, ನಿಜಕ್ಕೆ ಗರುಡನ ಗುಡಿ. ಅದರ ಮುಂದೆ ಈಗ ಎರಡು ಆನೆಗಳಿವೆಯಷ್ಟೆ. ಆದರೆ ಆನೆಗಳ ಹಿಂಬದಿಯನ್ನು ಬಗ್ಗಿ ನೋಡಿದರೆ, ಮೊದಲು ಕೆತ್ತಿದ್ದ ಕುದುರೆಗಳ ಹಿಂಗಾಲು, ಬಾಲಗಳ ಗುರುತು ಕಾಣುತ್ತದೆ. ಕುದುರೆ ಹೋಗಿ ಆನೆ ಬಂದರೂ ತೇರು ಕದಲಲಿಲ್ಲ.

ಕದಲುವ ತೇರು ವಿರೂಪಾಕ್ಷನದು. ಚೈತ್ರದ ರಥೋತ್ಸವದಲ್ಲಿ ಅದನ್ನು ನೋಡಿದವರು ಗಮನಿಸಿರಬಹುದು: ಆ ಮಹಾಭಾರಕ್ಕೆ ಚುಕ್ಕಾಣಿಯೆಂಬುದೇ ಇಲ್ಲ. ಸಾವಿರ ಕೈಗಳು ಹಗ್ಗ ಹಿಡಿದು ಎಳೆಯುತ್ತವೆ. ಗಾಲಿಯ ಪಕ್ಕದಲ್ಲಿ ನಡೆಯುವ ಕೆಲವೇ ಜನರು ಮರದ ಬೆಣೆಯನ್ನು ಗಾಲಿಗೆ ಒತ್ತುಕೊಟ್ಟು ದಿಕ್ಕು ತಿದ್ದುತ್ತಾರೆ. ಎಳೆಯುವವರ ಬಲ ದೊಡ್ಡದು, ತಿದ್ದುವವರ ಬೆಣೆ ಚಿಕ್ಕದು. ತೇರನ್ನು ಹಿಂದಕ್ಕೆ ತರಬೇಕಾದಾಗ ಅನೇಕ ಊರುಗಳಲ್ಲಿ ಮಾಡುವ ಉಪಾಯವೂ ಸುಲಭದ್ದೇ: ಹಗ್ಗವನ್ನು ಬಿಚ್ಚಿ ಇನ್ನೊಂದು ಬದಿಗೆ ಕಟ್ಟುವುದು. ಆಗ ಹಿಂದೇ ಮುಂದಾಗುತ್ತದೆ. ಟ್ರ್ಯಾಕ್ಟರಿನವನಿಗೆ ಈ ಭಾಗ್ಯವಿಲ್ಲ. ಅವನು ಎಳೆಯುವ ವಸ್ತುವನ್ನೇ ತಳ್ಳಬೇಕು.

ತಳ್ಳಿದ ಕೂಡಲೇ ಲೋಕವೆಲ್ಲ ತಿರುವುಮುರುವಾಗುತ್ತದೆ. ಕಲಿಯುವವನು ಟ್ರೇಲರು ಕಾಲುವೆಯ ಕಡೆಗೆ ಹೋಗಲೆಂದು ಚಕ್ರವನ್ನು ಕಾಲುವೆಯ ಕಡೆಗೇ ತಿರುಗಿಸುತ್ತಾನೆ. ಅದು ತೋಟದ ಕಡೆಗೆ ಹೊರಡುತ್ತದೆ. ಗಾಬರಿಯಾಗಿ ಇನ್ನಷ್ಟು ತಿರುಗಿಸುತ್ತಾನೆ. ಅದು ಇನ್ನಷ್ಟು ಬೇಗ ತೋಟದತ್ತ ನುಗ್ಗುತ್ತದೆ. ಆ ಹೊತ್ತಿನಲ್ಲಿ ಪುಸ್ತಕದ ವಿವರಣೆ ಉಪಯೋಗಕ್ಕೆ ಬರುವುದಿಲ್ಲ. ಹಳ್ಳಿಯ ಹಿರಿಯರು ಅದನ್ನು ಎತ್ತಿನ ಗಾಡಿಯಿಂದ ಕಲಿಸುತ್ತಾರೆ.

“ತಮ್ಮಾ, ಎತ್ತು ಬಿಚ್ಚಿದ ಗಾಡೀನ ಯಾವಾಗಾದ್ರೂ ಹಿಂದಕ್ಕೆ ನೂಕೀಯೇನು? ನೊಗ ಬಾವಿ ಕಡೆ ನೂಕು, ಗಾಡಿ ಬಾಲ ಬೇವಿನಮರದ ಕಡೆ ತಾನೇ ಹೋಗ್ತೈತಿ. ಇದೂ ಅಷ್ಟೇ.”

ಈಗಿನ ಹುಡುಗರಲ್ಲಿ ಅನೇಕರು ಗಾಡಿಯನ್ನು ನೂಕಿದವರಲ್ಲ. ಎತ್ತಿನ ಗಾಡಿಗಳೇ ಕಡಮೆಯಾಗಿವೆ. ಅಂಥವರಿಗೆ, ಕೊಂಡಿಯ ಪಿನ್ನು ತೆಗೆದು, ಎರಡು ಗಾಲಿಯ ಖಾಲಿ ಟ್ರೇಲರನ್ನು ಇಬ್ಬರು ಮೂವರು ಸೇರಿ ಕೈಯಿಂದಲೇ ಹಿಂದಕ್ಕೆ ನೂಕಿಸುತ್ತಾರೆ. ಮೂತಿ ಒಂದು ಕಡೆ ಹೋದರೆ ಬಾಲ ಇನ್ನೊಂದು ಕಡೆ ಹೋಗುವುದೆಂಬುದು ಆಗ ತೋಳಿಗೆ ತಿಳಿಯುತ್ತದೆ. ತೋಳಿಗೆ ತಿಳಿದದ್ದು ಮರೆಯುವುದಿಲ್ಲ. ಆಮೇಲೆ ಚಾಲಕನ ಪೀಠದಲ್ಲಿ ಕುಳ್ಳಿರಿಸಿ, ಚಕ್ರದ ಮೇಲುಭಾಗವನ್ನು ಬಿಟ್ಟು ಕೆಳಭಾಗವನ್ನು ಹಿಡಿಯಹೇಳುತ್ತಾರೆ. ಕೆಳಗೆ ಹಿಡಿದ ಕೈ ಎತ್ತ ಸರಿಯುವುದೋ ಟ್ರೇಲರಿನ ಹಿಂಭಾಗವೂ ಅತ್ತಲೇ ಸರಿಯುತ್ತದೆ. ಹೊಸಬನ ತಲೆಯ ತೊಡಕು ಅರ್ಧ ಕಳೆಯುವುದು ಇಷ್ಟರಿಂದಲೇ.

ಉಳಿದರ್ಧಕ್ಕೆ ತಾಳ್ಮೆ ಬೇಕು. ಟ್ರೇಲರು ತಿರುಗಲು ತೊಡಗಿದ ಮೇಲೆ ಚಕ್ರವನ್ನು ಹಾಗೇ ಹಿಡಿದಿರಬಾರದು. ಮೆಲ್ಲಗೆ ಮರಳಿಸಿ, ಟ್ರ್ಯಾಕ್ಟರು ಟ್ರೇಲರನ್ನು ಹಿಂಬಾಲಿಸುವಂತೆ ಮಾಡಬೇಕು. ಮರಳಿಸುವುದು ತಡವಾದರೆ ಎರಡರ ನಡುವಣ ಕೋನ ಕಿರಿದಾಗಿ, ಟ್ರೇಲರಿನ ಮೂಕಿ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ತಗುಲುತ್ತದೆ. ಅಲ್ಲಿಂದ ಹಿಂದಕ್ಕೆ ತಳ್ಳಿ ಸರಿಪಡಿಸುವ ಉಪಾಯವಿಲ್ಲ. ಮುಂದಕ್ಕೆ ಎಳೆದು, ನೆಟ್ಟಗೆ ಮಾಡಿಕೊಂಡು, ಮತ್ತೆ ಮೊದಲಿನಿಂದ ಆರಂಭಿಸಬೇಕು. ಹೀಗೆ ಮುಂದೆ ಎಳೆದುಕೊಳ್ಳುವುದನ್ನು ಹುಡುಗರು ಅವಮಾನವೆಂದು ತಿಳಿಯುತ್ತಾರೆ. ಪಳಗಿದವರು ನಿಸ್ಸಂಕೋಚವಾಗಿ ಎಳೆದುಕೊಳ್ಳುತ್ತಾರೆ. ಗಿಡ್ಡ ಟ್ರೇಲರು ಉದ್ದನೆಯದಕ್ಕಿಂತ ತುಂಟ; ಚಕ್ರ ಬೆರಳಷ್ಟು ಅಲುಗಿದರೂ ಮೊಳದಷ್ಟು ಹೊರಳುತ್ತದೆ. ನಾಲ್ಕು ಗಾಲಿಯ ಟ್ರೇಲರಿಗೆ ಮುಂಗಾಲಿಗಳೂ ತಿರುಗುವುದರಿಂದ ಮಡಿಕೆ ಎರಡು. ಅಲ್ಲಿ ವಿರುದ್ಧದ ವಿರುದ್ಧವನ್ನು ಲೆಕ್ಕಹಾಕಬೇಕು. ಕಬ್ಬಿನ ಕಾಲದಲ್ಲಿ ಒಂದರ ಹಿಂದೊಂದು ಎರಡು ಟ್ರೇಲರು ಕಟ್ಟಿ ಹೊರಡುವ ಚಾಲಕರು ಹಿಂದೆ ಸರಿಯುವ ಆಸೆಯನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ!

ಇದೆಲ್ಲಕ್ಕೂ ಮೊದಲು ಕಲಿಸಬೇಕಾದ, ಆದರೆ ಬಹುಮಟ್ಟಿಗೆ ಕಲಿಸದೆ ಬಿಡುವ ಪಾಠವೊಂದಿದೆ: ಇಳಿದು ಹಿಂದೆ ಹೋಗಿ ನೋಡುವುದು. ಹೇರು ತುಂಬಿದ ಟ್ರೇಲರಿನ ಹಿಂದೆ ಏನಿದೆಯೆಂಬುದನ್ನು ಯಾವ ಕನ್ನಡಿಯೂ ತೋರಿಸದು. ಕಣದಲ್ಲಿ ರಾಶಿಯ ನೆರಳಿಗೆ ಮಲಗಿದ ಕೂಸು, ಅಂಗಳದಲ್ಲಿ ಆಡುವ ಮಗು, ಕಿವಿ ಕೇಳಿಸದ ಮುದುಕಿ, ಯಾರು ಬೇಕಾದರೂ ಅಲ್ಲಿರಬಹುದು. ಆದುದರಿಂದಲೇ ಟ್ರೇಲರಿನ ಹಿಂದೆ ಚಾಲಕನಿಗೆ ಕಾಣುವಂತೆ ಒಬ್ಬನು ನಿಂತು “ಬರ್ಲಿ, ಬರ್ಲಿ” ಎಂದು ಕೂಗುವ ರೂಢಿ ಬೆಳೆದಿದೆ. ಅವನು “ಹೋಲ್ಡಾನ್” ಎಂದರೆ ನಿಲ್ಲಬೇಕು, ಏಕೆಂದು ಕೇಳಬಾರದು. ಅವನು ಕಣ್ಣಿಗೆ ಕಾಣದಿದ್ದರೂ ನಿಲ್ಲಬೇಕು.

ಸಮನೆಲದ ಕಣದಲ್ಲಿ ಹೀಗೆ ಪಳಗಿದ ಕೈಗೆ ಮುಂದಿನ ಪರೀಕ್ಷೆ ಇಳಿಜಾರು. ಅದಕ್ಕೆ ಹೊಸಪೇಟೆಯಿಂದ ದಕ್ಷಿಣಕ್ಕೆ, ಸಂಡೂರಿನ ಬೆಟ್ಟಗಳಿಗೇ ಹೋಗಬೇಕು. ನಾರಿಹಳ್ಳ ಹರಿಯುವ ಆ ಕಣಿವೆ ಮಳೆಗಾಲ ಮುಗಿಯುವ ಹೊತ್ತಿಗೆ ಹಸುರಾಗಿ ಕಣ್ಣಿಗೆ ಹಬ್ಬವಾಗುತ್ತದೆ. ಅದಿರು ತುಂಬಿದ ಲಾರಿಗಳು ಅದರ ಅಂಚಿಗೆ ಕೆಂಪು ಧೂಳು ಬಳಿಯುತ್ತವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಆ ಧೂಳು ಕೆಲಕಾಲ ಅಡಗಿತ್ತು. ಸಂಡೂರನ್ನು ಆಳಿದ ಘೋರ್ಪಡೆ ಮನೆತನದ ಹೆಸರು ಕೇಳಿ ಕುದುರೆಯ ನೆನಪು ಮಾಡಿಕೊಳ್ಳುವವರಿದ್ದಾರೆ. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಕೋಟೆಯ ಗೋಡೆಗೆ ಉಡವನ್ನು ಹತ್ತಿಸಿ, ಅದರ ಹಗ್ಗ ಹಿಡಿದು ಏರಿದ ವೀರನ ಕಥೆ ಆ ಹೆಸರಿನ ಹಿಂದಿದೆ.

ಈ ಇಳಿಜಾರುಗಳಲ್ಲಿ ಟ್ರೇಲರು ಎಳೆಸಿಕೊಳ್ಳುವುದನ್ನು ಬಿಟ್ಟು ತಾನೇ ಟ್ರ್ಯಾಕ್ಟರನ್ನು ನೂಕಲು ತೊಡಗುತ್ತದೆ. ಗೇರು ತಗ್ಗಿನದಿರಬೇಕು, ಎಡ ಬಲ ಗಾಲಿಗಳ ಬ್ರೇಕುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿರಬೇಕು. ಹೊಲ ಉಳುವಾಗ ಬಿಚ್ಚಿದ ಕೊಂಡಿಯನ್ನು ಮರೆತು ರಸ್ತೆಗೆ ಬಂದವನು ಒಂದೇ ಬದಿಯ ಬ್ರೇಕನ್ನು ತುಳಿದರೆ, ವಾಹನ ಆ ಬದಿಗೇ ಹೊರಳುತ್ತದೆ. ಹೇರಿನ ಸಮತೂಕವೂ ಇಲ್ಲೇ ಪರೀಕ್ಷೆಗೆ ಬರುತ್ತದೆ. ಭಾರವೆಲ್ಲ ಟ್ರೇಲರಿನ ಹಿಂಬದಿಗೆ ಬಿದ್ದರೆ ಮೂಕಿ ಮೇಲಕ್ಕೆ ಜಗ್ಗಿ ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ತಪ್ಪುತ್ತದೆ. ಮುಂಬದಿಗೆ ಬಿದ್ದರೆ ಟ್ರ್ಯಾಕ್ಟರಿನ ಮುಂಗಾಲಿಗಳು ಹಗುರಾಗಿ, ಚಕ್ರ ತಿರುಗಿಸಿದರೂ ಮಾತು ಕೇಳವು.

ಕುದುರೆಗಳನ್ನೇ ಟ್ರೇಲರಿನಲ್ಲಿ ಒಯ್ಯುವ ದೇಶಗಳಲ್ಲಿ ಈ ಸಮತೂಕದ ಚಿಂತೆ ಇನ್ನೂ ಹೆಚ್ಚು. ಅಲ್ಲಿ ಹೇರಿಗೂ ಜೀವವಿದೆ, ಅದು ಕಾಲು ಬದಲಿಸುತ್ತದೆ, ಬೆದರುತ್ತದೆ. ಒಂದೇ ಕುದುರೆಯಿದ್ದರೆ ಅದನ್ನು ರಸ್ತೆಯ ನಡುಭಾಗಕ್ಕೆ ಹತ್ತಿರವಾದ ಬದಿಯಲ್ಲಿ ನಿಲ್ಲಿಸುವುದು ವಾಡಿಕೆ. ಬ್ರಿಟನ್ನಿನಲ್ಲಿ 1997ರಿಂದ ಪರವಾನಗಿ ಪಡೆದವರು ಭಾರವಾದ ಟ್ರೇಲರು ಎಳೆಯಬೇಕಾದರೆ, ಅದನ್ನು ಹಿಂದಕ್ಕೆ ನಡೆಸಿ ತೋರಿಸುವ ಪ್ರತ್ಯೇಕ ಪರೀಕ್ಷೆಗೆ ನಿಲ್ಲಬೇಕಾಗಿತ್ತು. 2021ರ ಡಿಸೆಂಬರ್ 16ರಂದು ಕಾರಿನವರಿಗೆ ಆ ಪರೀಕ್ಷೆ ರದ್ದಾಯಿತು. ಪರೀಕ್ಷೆ ಹೋದರೂ ಕುದುರೆಗಿರುವ ಪಾಠ ಹೋಗಲಿಲ್ಲ: ಅನೇಕ ಟ್ರೇಲರುಗಳಿಂದ ಇಳಿಯುವಾಗ ಪಾಪ, ಅದೂ ಹಿಮ್ಮುಖವಾಗಿಯೇ ಹೆಜ್ಜೆಯಿಡಬೇಕು!

ಸಂಡೂರಿನಿಂದ ಮತ್ತೆ ನದಿಯ ಬಯಲಿಗೆ ಇಳಿದು ಬಂದರೆ ಕಂಪ್ಲಿ. ಕಂಪಿಲರಾಯನ ಊರು, ಕುಮಾರರಾಮನ ಊರು. ಈಗ ಭತ್ತದ ಊರು. ಊರ ಅಂಚಿನಲ್ಲಿ ತುಂಗಭದ್ರೆ. ಆಚೆ ದಡದಲ್ಲಿ ಚಿಕ್ಕಜಂತಕಲ್ಲು, ಅದರಾಚೆ ಗಂಗಾವತಿಯ ಅಕ್ಕಿ ಗಿರಣಿಗಳು. ನಡುವೆ ಒಂದು ತಗ್ಗಾದ, ಕಿರಿದಾದ ಸೇತುವೆ. ಮೇಲೆ, 33 ಗೇಟುಗಳ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ಮಳೆಗಾಲಗಳಲ್ಲಿ ಈ ಸೇತುವೆ ಮುಳುಗಿ ಸಂಚಾರ ನಿಂತುಬಿಡುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಹೊಳೆಸಾಲಿನ ಊರುಗಳು ನಿದ್ದೆಗೆಟ್ಟದ್ದನ್ನು ಇಲ್ಲಿಯವರು ಮರೆತಿಲ್ಲ.

ನೀರು ಏರುತ್ತಿದೆಯೆಂಬ ಸುದ್ದಿ ಬಂದು ಸೇತುವೆಯ ಬಾಯಿಗೆ ಅಡ್ಡಗಟ್ಟೆ ಬಿದ್ದಾಗ, ಭತ್ತದ ಚೀಲ ಹೇರಿದ ಟ್ರ್ಯಾಕ್ಟರುಗಳ ಸಾಲು ದಾರಿಯಲ್ಲೇ ನಿಂತಿರುತ್ತದೆ. ತಿರುಗಿಸಲು ಜಾಗವಿಲ್ಲ. ಮುಂದಿನವನು ಎಂಥ ಜಾಣನಾದರೂ ಕೈಕಟ್ಟಿ ಕೂರಬೇಕು. ಹಿಂದೆ ಸರಿಯುವ ಸರದಿ ಸಾಲಿನ ಕೊನೆಯವನಿಂದಲೇ ಮೊದಲಾಗಬೇಕು. ಆ ಕೊನೆಯ ಟ್ರ್ಯಾಕ್ಟರಿನಲ್ಲಿ ಈಚೆಗಷ್ಟೆ ಕಲಿತ ಹುಡುಗನಿದ್ದರೆ ಸಾಲಿನಲ್ಲಿರುವ ಎಲ್ಲರ ಭತ್ತವೂ ಅವನ ಕೈಯಲ್ಲಿರುತ್ತದೆ. ಹಾರನ್ನು ಒತ್ತುವವರು ಒತ್ತುತ್ತಾರೆ, ಬಯ್ಯುವವರು ಬಯ್ಯುತ್ತಾರೆ. ತಿಳಿದ ಹಿರಿಯನಾದರೋ ತನ್ನ ಟ್ರ್ಯಾಕ್ಟರಿನಿಂದಿಳಿದು ನಡೆದು ಬರುತ್ತಾನೆ. ಹುಡುಗನನ್ನು ಎಬ್ಬಿಸಿ ತಾನು ಕೂರುವುದಿಲ್ಲ. ಟ್ರೇಲರಿನ ಹಿಂದಕ್ಕೆ ಹೋಗಿ, ಅವನ ಕಣ್ಣಿಗೆ ಬೀಳುವಂತೆ ದಾರಿಯ ಅಂಚಿನಲ್ಲಿ ನಿಂತು, ಕೈಯೆತ್ತಿ ಕೂಗುತ್ತಾನೆ:

“ಅವಸರ ಮಾಡಬ್ಯಾಡ ತಮ್ಮಾ. ಬರ್ಲಿ... ಬರ್ಲಿ...”