ಸೀಸದ ಹೆಸರಲ್ಲಿ ಹೋಗುವ ಬೆಳ್ಳಿ

ಬೆಳ್ಳಿ ಅದಿರಿಗೆ ಕಸ್ಟಮ್ಸ್‌ನಲ್ಲಿ ಒಂದು ನಂಬರ್ ಇದೆ: 2616.10. ಅದನ್ನು ಹಾಕಿ ಹುಡುಕಿದರೆ ಯಾವ ದೇಶ ಎಷ್ಟು ಕಳಿಸಿತು ಅಂತ ಅಂಕಿ ಬರುತ್ತದೆ. ಮೊನ್ನೆ ಡೆಸ್ಕಿನವರು ಕೇಳಿದ್ದೂ ಅಷ್ಟನ್ನೇ. ಹಟ್ಟಿ ಚಿನ್ನದ ಗಣಿ ಕಡೆ ಓಡಾಡುವವನು ಅಂತ ನನಗೇ ಹೇಳಿದರು, ನಾಲ್ಕು ಸಾಲು ಸಾಕಂತೆ. ನಾಲ್ಕು ಸಾಲಿಗೆ ಎಷ್ಟು ದುಡ್ಡು ಅಂತ ನಿಮಗೆ ಗೊತ್ತೇ ಇದೆ. ಆದರೂ ಬರೀ ಆ ಅಂಕಿ ಕಳಿಸಲು ನಾನು ಒಪ್ಪಲಿಲ್ಲ.

ಬೆಳ್ಳಿ ಒಂಟಿಯಾಗಿ ಸಿಗುವುದು ಕಡಿಮೆ. ಬೊಲಿವಿಯಾದ ಪೊಟೊಸಿ ಪ್ರಾಂತ್ಯದ ಸಾನ್ ಕ್ರಿಸ್ಟೋಬಾಲ್ ಗಣಿಯಲ್ಲಿ ಅದು ಸೀಸ, ಸತುವಿನ ಜೊತೆ ಬೆರೆತಿದೆ. ಕಲ್ಲನ್ನು ಅರೆದು, ನೊರೆಯಲ್ಲಿ ತೇಲಿಸಿ ಬೇರ್ಪಡಿಸಿದ ಪುಡಿಯೇ ಕಾನ್ಸಂಟ್ರೇಟ್. ಹಡಗು ಹತ್ತುವುದು ಅದು. ಇಂಥ ಪುಡಿಯಲ್ಲಿ ತೂಕ ಸೀಸದ್ದು. ಬೆಳ್ಳಿಯ ಲೆಕ್ಕ ಟನ್ನಿಗೆ ಇಷ್ಟು ಗ್ರಾಂ ಅಂತ, ಆದರೆ ಬೆಲೆಯಲ್ಲಿ ಅದೇ ಮುಂದಾಗಬಹುದು. ಸೀಸದ ಅದಿರಿನ ನಂಬರ್ 2607. ಹಾಗಾದರೆ ಈ ಪುಡಿ ಯಾವುದಕ್ಕೆ?

ನಿಯಮ 3(ಬಿ) ಪ್ರಕಾರ, ಸರಕಿನ ಮುಖ್ಯ ಗುಣ ಯಾವುದರಿಂದ ಬಂದಿದೆಯೋ ಅದಕ್ಕೆ. ತೀರ್ಮಾನವಾಗದಿದ್ದರೆ 3(ಸಿ): ಕ್ರಮದಲ್ಲಿ ಕೊನೆಗೆ ಬರುವ ನಂಬರಿಗೆ. ಆಗ ಬೆಳ್ಳಿ ಗೆಲ್ಲುತ್ತದೆ, ಅದೂ ಸಾಲಿನಲ್ಲಿ ಹಿಂದೆ ನಿಂತಿದ್ದಕ್ಕೆ! (ನಮ್ಮೂರ ರೇಷನ್ ಅಂಗಡಿಗೆ ಈ ನಿಯಮ ಇನ್ನೂ ಬಂದಿಲ್ಲ.)

2607ರಲ್ಲಿ ಹೋದ ಬೆಳ್ಳಿ 2616.10ರ ಅಂಕಿಯಲ್ಲಿ ಕಾಣುವುದಿಲ್ಲ. ಬೊಲಿವಿಯಾದಲ್ಲಿ ಗಣಿ ರಾಜಧನದ ಶೇ. 85 ಪ್ರಾಂತ್ಯಕ್ಕೆ, ಶೇ. 15 ಗಣಿ ಇರುವ ಊರಾಡಳಿತಕ್ಕೆ. ಪುಡಿಯಲ್ಲಿ ಬೆಳ್ಳಿ ಎಷ್ಟಿದೆ ಅನ್ನುವ ಲ್ಯಾಬ್ ವರದಿ ಮೇಲೆ ಅಲ್ಲಿನವರ ರಸ್ತೆ, ನೀರಿನ ದುಡ್ಡೂ ನಿಂತಿದೆ.