ವಿಧಿಯೂ ಕೃಪೆಯೂ

ಶ್ರೀರಂಗಪಟ್ಟಣದ ದ್ವೀಪದಲ್ಲಿ ಗಂಜಾಮಿಗೆ ಹೋಗುವವರು ಬಹುಮಟ್ಟಿಗೆ ಗುಂಬಜನ್ನು ನೋಡಿ ಹಿಂದಿರುಗುವರು. ಅಲ್ಲಿಯ ಹಳೆಯ ಕ್ರೈಸ್ತ ದೇವಾಲಯದ ಹೊಸ್ತಿಲನ್ನು ತುಳಿಯುವವರು ವಿರಳ. ಫ್ರಾನ್ಸ್ ದೇಶದಿಂದ ಬಂದ ಅಬ್ಬೆ ದುಬಾಯ್ ಎಂಬ ಪಾದ್ರಿಯ ಹೆಸರು ಅದಕ್ಕೆ ಅಂಟಿಕೊಂಡಿರುವುದು. ಮನುಷ್ಯನು ದೇವರವನೆನಿಸುವುದು ವಿಧಿಯಿಂದಲೋ ಕೃಪೆಯಿಂದಲೋ ಎಂಬ ಪ್ರಶ್ನೆಯು ಈ ನೆಲದಲ್ಲಿ ಕೇವಲ ಪಂಡಿತರ ವಾದವಾಗಿರಲಿಲ್ಲ.

1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಪಟ್ಟಣಕ್ಕೆ ಸಾಗಿಸಿದನು. ದಾರಿಯಲ್ಲಿ ಅಳಿದವರು ಅನೇಕರು. ಉಳಿದವರಲ್ಲಿ ಅನೇಕರಿಗೆ ಬಲಾತ್ಕಾರದಿಂದ ಸುನ್ನತಿಯಾಯಿತು. 1799ರ ಮೇ 4ರಂದು ಪಟ್ಟಣವು ಬಿದ್ದ ಮೇಲೆ ಅವರಿಗೆ ಬಿಡುಗಡೆಯೇನೋ ದೊರೆಯಿತು. ಆದರೆ ಮೈಮೇಲಿನ ಗುರುತನ್ನು ಅಳಿಸಿಕೊಳ್ಳುವ ಪ್ರಾಯಶ್ಚಿತ್ತ ಯಾವ ಶಾಸ್ತ್ರದಲ್ಲಿದೆ?

ವಿಸ್ಮಯವೇನೆಂದರೆ, ಕ್ರೈಸ್ತಮತದ ಮೊಟ್ಟಮೊದಲ ದೊಡ್ಡ ವಿವಾದವು ಹುಟ್ಟಿದುದು ಈ ಸುನ್ನತಿಯ ವಿಷಯದಲ್ಲಿಯೇ. ಅನ್ಯಜನರು ಕ್ರಿಸ್ತನನ್ನು ನಂಬಿದರೆ ಸಾಲದು, ಮೋಶೆಯ ವಿಧಿಯಂತೆ ಸುನ್ನತಿಯನ್ನೂ ಮಾಡಿಸಿಕೊಳ್ಳಬೇಕೆಂದು ಕೆಲವರು ಹಟ ಹಿಡಿದರು. ಯೆರೂಸಲೇಮಿನಲ್ಲಿ ಕೂಡಿದ ಅಪೊಸ್ತಲರು ಆ ಹೊರೆಯನ್ನು ಹೊರಿಸಲಿಲ್ಲ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಮತ್ತೂ ಮುಂದೆ ಹೋಗಿ, ಸುನ್ನತಿ ಇದ್ದರೂ ಇಲ್ಲದಿದ್ದರೂ ಬೆಲೆಯಿಲ್ಲ, ಪ್ರೀತಿಯಿಂದ ನಡೆಯುವ ನಂಬಿಕೆಗೇ ಬೆಲೆಯೆಂದು ಬೋಧಿಸಿದನು. ಪಟ್ಟಣದ ಸೆರೆಯಿಂದ ಬಂದವರಿಗೆ ಈ ಬೋಧೆಯ ಎರಡನೆಯ ಮುಖವು ಬೇಕಾಗಿತ್ತು: ಗುರುತು ಇಲ್ಲದವನಿಗೆ ಹೇಗೆ ಬಾಗಿಲು ಮುಚ್ಚಲಿಲ್ಲವೋ, ಗುರುತು ಇದ್ದವನಿಗೂ ಹಾಗೆಯೇ ಮುಚ್ಚಕೂಡದು.

ದುಬಾಯ್ ಪಾದ್ರಿಯು ಚದುರಿಹೋಗಿದ್ದ ಈ ಜನರನ್ನು ಮತ್ತೆ ಸಭೆಗೆ ಸೇರಿಸಿಕೊಂಡನು. ಆದರೂ 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ, ಅಷ್ಟು ಸಾವಿರ ಮಂದಿಯಲ್ಲಿ ಒಬ್ಬನಾದರೂ ಪ್ರಾಣ ಕೊಟ್ಟು ಮತವನ್ನು ಉಳಿಸಿಕೊಳ್ಳಲಿಲ್ಲವೆಂದು ಕಟುವಾಗಿ ಬರೆದನು. ಪರರ ಕತ್ತಿಯ ಕೆಳಗೆ ನಿಲ್ಲದವರು ಹುತಾತ್ಮರ ಲೆಕ್ಕವನ್ನು ಕೇಳುವುದು ಸುಲಭ. ಲೇಖನಿಯಲ್ಲಿದ್ದ ನ್ಯಾಯಾಧೀಶನು ಕೈಯಲ್ಲಿರಲಿಲ್ಲವೆಂಬುದು ಆ ಜನರ ಪುಣ್ಯ.

ವಿಧಿಯ ಕಾಟವನ್ನು ಆ ಪಾದ್ರಿಯೂ ಅರಿಯದವನಲ್ಲ. 1704ರಲ್ಲಿ ಟೂರ್ನೋನ್ ಎಂಬ ಧರ್ಮಾಧಿಕಾರಿಯು ಪುದುಚೇರಿಯಲ್ಲಿ ಒಂದು ಶಾಸನವನ್ನು ಹೊರಡಿಸಿದ್ದನು. ದೀಕ್ಷಾಸ್ನಾನದಲ್ಲಿ ಉಗುಳಿನ ಸ್ಪರ್ಶವನ್ನು ಬಿಡಬಾರದು. ಮದುವೆಯಲ್ಲಿ ತೆಂಗಿನಕಾಯಿ ಒಡೆಯಬಾರದು. ಹೀಗೆ ಪಟ್ಟಿ ಬೆಳೆಯಿತು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಅದನ್ನು ಸ್ಥಿರಪಡಿಸಿದನು. ತೆಂಗಿನಕಾಯಿಯಿಂದ ಕೆಡುವ ಭಕ್ತಿ ಎಂತಹುದೊ! ಈ ನಿಷೇಧಗಳು ಇಲ್ಲಿಯ ಸಭೆಯನ್ನು ಕುಗ್ಗಿಸಿದುವೆಂದು ದುಬಾಯ್ ನಂಬಿದ್ದನು. ಆದರೆ ಅಸ್ಪೃಶ್ಯರೆನಿಸಿಕೊಂಡ ರೋಗಿಗಳ ಮನೆಗೆ ಪಾದ್ರಿಗಳು ಹೋಗಲೇಬೇಕೆಂಬ ಆಜ್ಞೆಯೂ ಅದೇ ಪಟ್ಟಿಯಲ್ಲಿತ್ತು. ಸ್ಥಳೀಯ ಆಚಾರದ ಹೆಸರಿನಲ್ಲಿ ಅದನ್ನು ಬಿಟ್ಟಿದ್ದವರೂ ವಿಧಿಯ ದಾಸರೇ. ವಿಧಿ ಮಾತ್ರ ಬೇರೆಯದು.

ನೆರೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ತಿರುಕ್ಕುಲದವರಿಗೆ ರಾಮಾನುಜರು ದೇವಾಲಯ ಪ್ರವೇಶವನ್ನು ಅನುಗ್ರಹಿಸಿದರೆಂದು ಸಂಪ್ರದಾಯವಿದೆ. ಆ ಕೃಪೆಯೂ ಕಾಲಕ್ರಮದಲ್ಲಿ ವರ್ಷದ ಕೆಲವೇ ದಿನಗಳಿಗೆ ಕಟ್ಟುಬಿದ್ದಿತು. ಬಾಗಿಲು ತೆರೆದವರ ಹೆಸರಿನಿಂದಲೇ ಮಿಕ್ಕ ದಿನಗಳಲ್ಲಿ ಬಾಗಿಲು ಮುಚ್ಚಿತು! ನಾಮದ ಆಕಾರಕ್ಕಾಗಿ ತೆಂಗಲೆ ವಡಗಲೆಗಳವರು ನ್ಯಾಯಸ್ಥಾನದವರೆಗೆ ಹೋದುದನ್ನು ವಾಚಕರೇ ಬಲ್ಲರು.

ಪುದುಚೇರಿಯ ಆ ಶಾಸನವನ್ನು ಪಾಲಿಸುವೆವೆಂದು ಪಾದ್ರಿಗಳು ಮಾಡಬೇಕಾಗಿದ್ದ ಪ್ರಮಾಣವನ್ನು ರೋಮಾಪುರಿಯು 1940ರಲ್ಲಿ ರದ್ದುಮಾಡಿತು. ದುಬಾಯ್ 1823ರಲ್ಲಿಯೇ ಸ್ವದೇಶಕ್ಕೆ ತೆರಳಿದ್ದನು. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು. ಗಂಜಾಮಿಗೆ ಮತ್ತೆ ಬರಲಿಲ್ಲ.