ತಾರೆಗಳಿಗೂ ಗ್ರಹಣ

1980ರ ಫೆಬ್ರುವರಿ 16ರಂದು ಹುಬ್ಬಳ್ಳಿ, ರಾಯಚೂರುಗಳ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಜಮಖಂಡಿಯ ಮಠದಲ್ಲಿ ಸಂಸ್ಕೃತ ಓದುತ್ತಿದ್ದ ನಾನು ಅಂದು ಬೀಳಗಿಯ ಅಕ್ಕನ ಮನೆಯಲ್ಲಿದ್ದೆ. ತುಂಬು ಗರ್ಭಿಣಿಯಾದ ಅವಳನ್ನು ಕತ್ತಲೆಕೋಣೆಯಲ್ಲಿ ಕೂಡಿಸಿ ಕದ ಮುಚ್ಚಿದ್ದರು. ಪಂಚಸೂತಕಗಳನ್ನು ಕಳೆದವರೆಂದು ಹೇಳಿಕೊಳ್ಳುವ ಮನೆ ಅದು! ಒಳಗಿನಿಂದ ಅಕ್ಕ, “ತಮ್ಮಾ, ಒಂದ ಗುಟುಕ ನೀರ ಕೊಡೋ” ಎಂದಳು. ಗ್ರಹಣವು ಬರಿಯ ನೆರಳೆಂದು ಆರ್ಯಭಟನು ಹೇಳಿದುದನ್ನು ಓದಿದ್ದ ನಾನು ಹಿರಿಯರ ಮುಖ ನೋಡಿ ಸುಮ್ಮನಾದೆ.

ಆ ಮೌನದ ನಾಚಿಕೆಯೇ ನನ್ನನ್ನು ಖಗೋಳದ ಪುಸ್ತಕಗಳತ್ತ ತಿರುಗಿಸಿತು. ತಾರೆಗಳಿಗೂ ಗ್ರಹಣವುಂಟೆಂದು ಅಲ್ಲಿ ತಿಳಿಯಿತು. ಅಲ್ಗಾಲ್ ಎಂಬ ತಾರೆ ಕಣ್ಣಿಗೆ ಒಂದಾಗಿ ಕಂಡರೂ ಅದರಲ್ಲಿ ಪರಸ್ಪರ ಸುತ್ತುವ ಜೋಡಿಯಿದೆ. ಸುಮಾರು 2 ದಿನ 21 ಗಂಟೆಗೊಮ್ಮೆ ಮಂದ ತಾರೆಯು ಪ್ರಖರ ತಾರೆಗೆ ಅಡ್ಡ ಬಂದು, ಬೆಳಕು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. 1783ರಲ್ಲಿ ಈ ಕಾರಣವನ್ನು ಸೂಚಿಸಿದವನು ಇಂಗ್ಲೆಂಡಿನ ಕಿವುಡ ತರುಣ ಜಾನ್ ಗುಡ್ರಿಕ್.

ಪ್ರಖರ ತಾರೆಯು ಮಂದ ತಾರೆಯನ್ನು ಮರೆಮಾಡುವ ಎರಡನೆಯ ಗ್ರಹಣವೂ ಉಂಟು. ಅದು ಬರಿಗಣ್ಣಿಗೆ ತಿಳಿಯದು. ಮುಧೋಳದ ಕಡೆಯ ಬೆಲ್ಲದ ಗಾಣದಲ್ಲಿ ಒಲೆಯ ಕೆಂಪು ಆರಿದ ಮೇಲೂ ಅಂಗೈಗೆ ಕಾವು ತಟ್ಟುತ್ತದಲ್ಲವೆ? ಕಣ್ಣಿಗೆ ಕಾಣದ ಆ ಕಾವೇ ಅವಕೆಂಪು ಕಿರಣ. ಕಡಿಮೆ ಬಿಸಿಯ ತಾರೆಯ ಬೆಳಕಿನಲ್ಲಿ ಅದರ ಪಾಲು ಹೆಚ್ಚು. ಆದುದರಿಂದ ಅವಕೆಂಪಿನಲ್ಲಿ ಅಳೆದಾಗ ಈ ಎರಡನೆಯ ಇಳಿತವೂ ಸ್ಪಷ್ಟವಾಗಿ ಮೂಡುತ್ತದೆ. ಎರಡು ಇಳಿತಗಳನ್ನು ಹೋಲಿಸಿ ಮಂದ ತಾರೆಯ ಉಷ್ಣತೆಯನ್ನು ಲೆಕ್ಕಹಾಕುತ್ತಾರೆ. ಗಾಳಿಯ ತೇವವು ಈ ಕಿರಣಗಳನ್ನು ನುಂಗುವುದರಿಂದ ಎತ್ತರದ ಒಣನೆಲವೇ ಇದಕ್ಕೆ ಲೇಸು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ಅವಕೆಂಪನ್ನೂ ಅಳೆಯಬಲ್ಲ 2 ಮೀಟರಿನ ದೂರದರ್ಶಕವಿದೆ. ಅದನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ!

ಗ್ರಹಣವು ತಾರೆಗೆ ಕೇಡಲ್ಲ. ಅದರ ಗುಟ್ಟು ನಮಗೆ ತಿಳಿಯುವ ಹೊತ್ತು. ಇಷ್ಟನ್ನು ಓದಿದವನು ಮನೆಯಲ್ಲಿ ನುಡಿಯದಿದ್ದರೆ ಓದಿ ಫಲವೇನು?

2025ರ ಸೆಪ್ಟೆಂಬರ್ 7ರ ರಾತ್ರಿ ಖಗ್ರಾಸ ಚಂದ್ರಗ್ರಹಣ. ಬನಹಟ್ಟಿಯಲ್ಲಿ ಮಗಳ ಮನೆಗೆ ಹೋಗಿದ್ದೆ; ಬೀಳಗಿಯಿಂದ ಅಕ್ಕನೂ ಬಂದಿದ್ದಳು. ಮಗಳು ಬಸುರಿ. ಮಗ್ಗಗಳ ಸದ್ದು ನಿಂತ ಓಣಿಯಲ್ಲಿ ಕದ ಮುಚ್ಚುವ ಮಾತೆದ್ದಿತು. ಈ ಸಲ ನಾನು ಸುಮ್ಮನಿರಲಿಲ್ಲ. “ಇದು ಭೂಮಿಯ ನೆರಳು, ಕೂಸಿಗೆ ಏನೂ ಆಗದು” ಎಂದು ಬೀಗರಿಗೆ ಬಿಡಿಸಿ ಹೇಳಿ ಮಗಳನ್ನು ಮಾಳಿಗೆಗೆ ಕರೆದೊಯ್ದೆ. ಸ್ವಲ್ಪ ಹೊತ್ತಿಗೆ ಅವಳು ನೀರಡಿಕೆಯೆಂದಳು. ಅಕ್ಕನು ನೀರು ತುಂಬಿದ ತಂಬಿಗೆಯನ್ನು ತಂದು, ಮಗಳಿಗೆ ಕೊಡದೆ ನನ್ನ ಕೈಯಲ್ಲಿಟ್ಟಳು.

“ನೀನ ಕೊಡೋ, ತಮ್ಮಾ” ಎಂದಳು.